ತಾಯಿಗೆ ತಿಳಿಸಿ ಹೊರಡಿ

ಹಾಸ್ಯವನ್ನು ನಾನಾಗಿ ಎಂದೂ ಮನೆಗೆ ಕರೆದವಳಲ್ಲ. ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಹಲ್ಲು ಕಾಣುವಂತೆ ನಗುವುದಕ್ಕೆ ಅನುಮತಿ ಇರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಆದರೂ ನಗೆಪಾಟಲಿನ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇವೆ. ಮೊದಲು ಇಂಗ್ಲೆಂಡಿಗೆ ಬಂದವು, ಈಗ ಪುಣೆಯ ಕೊಂಢವಾಕ್ಕೂ ಬಂದಿವೆ. ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಸಭ್ಯತೆಯಲ್ಲವಾದ್ದರಿಂದ ಕೆಲವನ್ನು ಇಲ್ಲಿ ಒಳಗೆ ಕರೆದು ಕೂರಿಸಿದ್ದೇನೆ.

೧. ಮೃತ ಮಹಿಳೆಯ ದೂರು

ನಾನೂ ನನ್ನ ತಂಗಿಯೂ ಕೊಂಢವಾದ ಒಂದು ಕಟ್ಟಡದಲ್ಲಿ ವಾಸವಾಗಿದ್ದೇವೆ. ಎದುರಿಗೆ ಸದಾ ಯಾವುದಾದರೊಂದು ಹೊಸ ಕಟ್ಟಡ ಏಳುತ್ತಿರುತ್ತದೆ. ಆದ್ದರಿಂದ ಭಾನುವಾರದ ಮಧ್ಯಾಹ್ನಗಳಲ್ಲಿ ಗೋಡೆ ನಡುಗಿಸುವ ಒಂದು ಧಡ್ ಧಡ್ ಶುರುವಾದಾಗ, ಬುನಾದಿಗೆ ಕಂಬ ಇಳಿಸುತ್ತಿದ್ದಾರೆಂದು ಸಹಿಸಿಕೊಂಡೆ. ಕಂಬಗಳು ಇಳಿಯುತ್ತಲೇ ಇದ್ದವು, ಕಟ್ಟಡ ಮಾತ್ರ ಏಳಲಿಲ್ಲ. ಕೊನೆಗೆ ತಂಗಿ ಒಂದು ದಿನ ಕತ್ತು ವಾರೆ ಮಾಡಿ, ಕಿವಿಗೊಟ್ಟು ಕೇಳಿ ಹೇಳಿದಳು: "ಅಕ್ಕಾ, ಇದು ಬುನಾದಿ ಅಲ್ಲ. ಮ್ಯಾಲಿನ ಮನೀ ಹುಡುಗಿ ಹಾಡು ಹಚ್ಚ್ಯಾಳ."

ಮೇಲಿನ ಮನೆಯ ಹುಡುಗಿ ಮೈಸೂರಿನವಳು, ಇಲ್ಲಿಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವವಳು. ನಾನು ಸೆರಗು ಸರಿಪಡಿಸಿಕೊಂಡು, ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಮೆಟ್ಟಿಲು ಹತ್ತಿದೆ. ಕರೆಗಂಟೆ ಒತ್ತುವ ಮೊದಲೇ ಒಳಗಿನ ಧಡ್ ಧಡ್ಡಿನ ನಡುವೆ ಒಬ್ಬ ಹೆಂಗಸಿನ ಕಟ್ಟುನಿಟ್ಟಾದ ಇಂಗ್ಲಿಷ್ ಕೇಳಿಸಿತು. ಎಲ್ಲರೂ ಸಾಲಾಗಿ ಬನ್ನಿ; ಯಾರೂ ಹಾರ್ನ್ ಹೊಡೆಯಕೂಡದು; ವೃದ್ಧಾಶ್ರಮದ ಮುಂದೆ ಮೌನ ಪಾಲಿಸಿ; ತಾಯಿಗೆ ತಿಳಿಸಿ ಹೊರಡಿ.

ಸದ್ದಿನ ಬಗ್ಗೆ ಗದರಿಸಲು ಹೋದವಳು ನಾನು. ಗದರಿಕೆ ನನಗಿಂತ ಮೊದಲೇ ಒಳಗೆ ಹೋಗಿ ಕುಳಿತಿತ್ತು, ಅದೂ ನನ್ನದೇ ಧ್ವನಿಯಲ್ಲಿ.

ಹುಡುಗಿ ಬಾಗಿಲು ತೆರೆದು ಕ್ಷಮೆ ಕೇಳಿದಳು. ಇದು ಬ್ರಿಟನ್ನಿನ ಹಳೆಯ ರೇವ್ ಸಂಗೀತವೆಂದೂ, ಆಗಿನ ಯಾರೋ ಒಬ್ಬ ಕಲಾವಿದ ಇಂಥ ಕುಣಿತದ ಕೂಟಗಳಿಗೆ ದಾರಿ ಹೇಳುವ ದೂರವಾಣಿ ಸಂದೇಶವನ್ನು ಧ್ವನಿಮುದ್ರಿಸಿ ಅದರಲ್ಲಿ ಬೆರೆಸಿದ್ದಾನೆಂದೂ ವಿವರಿಸಿದಳು. ಆ ಹೆಂಗಸು ಯಾರು ಎಂದು ಕೇಳಿದೆ.

"ಯಾರಿಗೂ ಗೊತ್ತಿಲ್ಲ ಆಂಟಿ. ಲೆಜೆಂಡ್ ಅವ್ರು. ತೀರಿಹೋಗಿ ತುಂಬ ವರ್ಷ ಆಯ್ತಂತೆ, ಪಾಪ."

"ನಾನು ಯಾರ ಆಂಟಿಯೂ ಅಲ್ಲ," ಎಂದೆ. "ನಾನೇ ಆ ಮೃತ ಮಹಿಳೆ. ಸದ್ದು ಕಡಿಮೆ ಮಾಡು."

೨. ಧ್ವನಿಗೆ ಸಿಕ್ಕ ನೌಕರಿ

ಅಂದಿನಿಂದ ಹುಡುಗಿ ನನ್ನನ್ನು ಮೇಡಂ ಎಂದು ಕರೆಯತೊಡಗಿದಳು. ಸಂಜೆಯಾದರೆ ಕೆಳಗಿಳಿದು ಬಂದು ನಮ್ಮ ಊಟದ ಮೇಜಿನ ಮುಂದೆ ಕೂರತೊಡಗಿದಳು. ಅವಳಿಗೆ ಒಂದು ಕನಸಿತ್ತು. ಪುಣೆಯ ಹೊರಗೆ ಭೋರ್ ಎಂಬ ಊರಿನಾಚೆಯ ಗುಡ್ಡದ ಮೇಲೆ ಒಂದು ಬಯಲು ನೋಡಿ ಇಟ್ಟಿದ್ದಳು. ಅಲ್ಲಿ ಒಂದು ಭಾನುವಾರ ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ, ಆ ಹಳೆಯ ಕೂಟಗಳ ನೆನಪಿಗೆಂದು, ಅದೇ ಸಂಗೀತದ ಒಂದು ದೊಡ್ಡ ಕೂಟ ನಡೆಸಬೇಕು. ಅನುಮತಿ ಪಡೆದಾಗಿದೆ, ಸ್ಪೀಕರುಗಳು ಗೊತ್ತಾಗಿವೆ. ದಾರಿ ಹೇಳುವ ಸಂದೇಶಕ್ಕೆ ನನ್ನ ಧ್ವನಿ ಬೇಕು.

ನಿನ್ನ ತಾಯಿಗೆ ಈ ವಿಷಯ ಗೊತ್ತಿದೆಯೇ ಎಂದು ಕೇಳಿದೆ. ಭಾನುವಾರಗಳಲ್ಲಿ ಮಗಳಿಗೆ ಕಚೇರಿಯ ಹೆಚ್ಚುವರಿ ಕೆಲಸವಿರುತ್ತದೆಂದು ಮೈಸೂರಿನ ತಾಯಿ ನಂಬಿದ್ದರು. ಹಾಗಾದರೆ ಧ್ವನಿ ಸಿಗುವುದಿಲ್ಲ ಎಂದೆ. ಸಾವಿರಾರು ಜನರಿಗೆ ತಾಯಿಗೆ ತಿಳಿಸಿ ಹೊರಡಿ ಎಂದು ಹೇಳಿ, ಒಬ್ಬಳಿಗೆ ಮಾತ್ರ ವಿನಾಯಿತಿ ಕೊಡುವುದು ನ್ಯಾಯವಲ್ಲ. ಯೋಚಿಸಲು ಸಮಯ ಬೇಕೆಂದಳು; ಅಲ್ಲಿಯವರೆಗೆ ಹಳೆಯ ಕಥೆಗಳನ್ನಾದರೂ ಹೇಳಿ ಎಂದಳು. ಹೇಳಿದೆ.

ಬ್ರಿಟನ್ನಿನಲ್ಲಿ ರೇವ್ ಎಂಬ ಪದ ಹೊಸದಾಗಿದ್ದ ಕಾಲವದು. ಊರ ಹೊರಗಿನ ಹೊಲದಲ್ಲೋ ಪಾಳುಬಿದ್ದ ಗೋದಾಮಿನಲ್ಲೋ ಸಾವಿರಾರು ತರುಣ ತರುಣಿಯರು ಸೇರಿ ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಸ್ಥಳ ಮೊದಲೇ ತಿಳಿದರೆ ಪೊಲೀಸರು ತಡೆಯುತ್ತಾರೆಂದು ಜಾಹೀರಾತಿನಲ್ಲಿ ಒಂದು ದೂರವಾಣಿ ಸಂಖ್ಯೆ ಮಾತ್ರ ಇರುತ್ತಿತ್ತು. ಆ ದಿನ ಸಂಜೆ ಆ ಸಂಖ್ಯೆಗೆ ಕರೆ ಮಾಡಿದರೆ, ಧ್ವನಿಮುದ್ರಿತ ಸಂದೇಶವೊಂದು ದಾರಿ ಹೇಳುತ್ತಿತ್ತು.

ನನ್ನ ಯಜಮಾನರು ಲ್ಯಾಂಕಾಶೈರಿನ ಒಂದು ಗಿರಣಿ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರು. ನಾನು ಅಲ್ಲಿಯೇ ಬಾಡಿಗೆ ಬಸ್ಸುಗಳ ಒಂದು ಕಚೇರಿಯಲ್ಲಿದ್ದೆ. ಒಂದೇ ಕಿವಿಗೆ ಓಲೆ ಹಾಕಿಕೊಂಡ ತರುಣನೊಬ್ಬ ಒಂದು ದಿನ ಬಸ್ಸು ಕೇಳಿಕೊಂಡು ಬಂದ. ಹಿಂದಿನ ದಿನ ಕಚೇರಿ ಮುಚ್ಚಿದ್ದಾಗ ಅವನು ದೂರವಾಣಿ ಮಾಡಿದ್ದನಂತೆ. ಯಂತ್ರದಲ್ಲಿದ್ದ ನನ್ನ ಧ್ವನಿ, ಸೋಮವಾರ ಒಂಬತ್ತು ಗಂಟೆಗೆ ಪುನಃ ಕರೆ ಮಾಡತಕ್ಕದ್ದು ಎಂದಿತ್ತಂತೆ. ಬದುಕಿನಲ್ಲಿ ಮೊದಲ ಸಲ ಯಾರೋ ಹೇಳಿದ ಹೊತ್ತಿಗೆ ಸರಿಯಾಗಿ ಎದ್ದೆ ಎಂದ. ತನ್ನ ಕೂಟಗಳಿಗೆ ದಾರಿ ಹೇಳುವ ಧ್ವನಿ ಅದೇ ಆಗಬೇಕೆಂದು ಹಠ ಹಿಡಿದ.

ಅವನು ಬರೆದು ತಂದ ದಾರಿಯನ್ನು ನಾನು ಸ್ಪಷ್ಟವಾಗಿ ಓದಿದೆ. ಟೇಪಿನಲ್ಲಿ ಇನ್ನೂ ಜಾಗ ಉಳಿದಿತ್ತು. ಖಾಲಿ ಬಿಡುವುದು ಶಿಸ್ತಲ್ಲ. ಶಾಲೆಯ ವನಭೋಜನದ ದಿನ ನಮ್ಮ ಸಿಸ್ಟರ್ ಕೊನೆಗೆ ಹೇಳುತ್ತಿದ್ದ ಮಾತನ್ನೇ ಸೇರಿಸಿದೆ: ತಾಯಿಗೆ ತಿಳಿಸಿ ಹೊರಡಿ.

ಸೋಮವಾರ ಕಚೇರಿಗೆ, ನಮ್ಮ ಬಸ್ಸಿನಲ್ಲಿ ಕೂಟಕ್ಕೆ ಹೋದ ಒಬ್ಬ ಹುಡುಗನ ತಾಯಿಯ ಕರೆ ಬಂತು. ಮನೆ ಬಿಟ್ಟು ಹೋದ ಮೇಲೆ ಒಮ್ಮೆಯೂ ಮಾತಾಡದಿದ್ದ ಮಗ, ಶನಿವಾರ ಇದ್ದಕ್ಕಿದ್ದಂತೆ ಫೋನು ಮಾಡಿ, ಅಮ್ಮ, ನಾನು ಹೊರಡುತ್ತಿದ್ದೇನೆ ಎಂದನಂತೆ. ತಾಯಿ ಹೆದರಿ ಆಂಬುಲೆನ್ಸ್ ಕಳಿಸಿದ್ದರು.

೩. ಮದುಮಕ್ಕಳು ಎಲ್ಲಿ?

ಹೊಲ ಕೇಳಲು ಹೋದಲ್ಲೆಲ್ಲ ರೈತರು ಆ ತರುಣನ ಒಂಟಿ ಓಲೆಯನ್ನು ನೋಡಿ ಬಾಗಿಲು ಹಾಕುತ್ತಿದ್ದರು. ಹೀಗಾಗಿ ಒಮ್ಮೆ ಅವನು ನನ್ನನ್ನು ಜೊತೆಗೆ ಕರೆದ. ಸುಳ್ಳು ಹೇಳುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ ಎಂಬ ಷರತ್ತಿನ ಮೇಲೆ ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೋದೆ.

ರೈತ ವಯಸ್ಸಾದವನು, ಮರ್ಯಾದಸ್ಥ. ಚಹಾ ಕೊಟ್ಟು, ಒಂದೊಂದಾಗಿ ವಿಚಾರಿಸಿದ. ತುಂಬ ಜನ ಬರುತ್ತಾರೆಯೇ ಎಂದ. ಬರುತ್ತಾರೆ ಎಂದೆ. ಎಲ್ಲರೂ ಒಂದೇ ಕುಟುಂಬದವರೇ ಎಂದ. ಹಾಗೆಂದೇ ಪರಸ್ಪರ ಅಪ್ಪಿಕೊಳ್ಳುತ್ತಾರೆ ಎಂದೆ. ಮದ್ಯ ಇರುತ್ತದೆಯೇ ಎಂದ. ಹೆಚ್ಚಾಗಿ ನೀರನ್ನೇ ಕುಡಿಯುತ್ತಾರೆ ಎಂದೆ, ಅದು ಸತ್ಯ. ಅವರಿಗೆ ಅಷ್ಟೊಂದು ಬಾಯಾರಿಕೆ ಏಕೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಂಗೀತ ಇದೆಯೇ ಎಂದ. ಇದೆ, ಬಹಳ ಹೊತ್ತು ಇದೆ ಎಂದೆ. ಎಷ್ಟರವರೆಗೆ ಎಂದ. ಸೂರ್ಯೋದಯದ ನಂತರ ಮುಗಿಯುತ್ತದೆ ಎಂದೆ. ರೈತ ನನ್ನ ಸೀರೆಯನ್ನು ಇನ್ನೊಮ್ಮೆ ನೋಡಿ, ಮುಖ ಅರಳಿಸಿ, ಹೊಲ ಕೊಟ್ಟ.

ಬೆಳಗಿನ ಜಾವ ಮರಳಿ ಕರೆತರುವ ಬಸ್ಸುಗಳೊಂದಿಗೆ ನಾನು ಅಲ್ಲಿಗೆ ಹೋಗಬೇಕಿತ್ತು. ದಿಬ್ಬ ಹತ್ತಿ ಕೆಳಗೆ ನೋಡಿದೆ. ಮಂಜಿನಲ್ಲಿ ಮುಳುಗಿದ ಹೊಲ. ಮಂಜಿನಿಂದ ಮೇಲೆದ್ದ ಸಾವಿರಾರು ಕೈಗಳು. ಆ ಕೈಗಳ ಮೇಲೆ ಆಗತಾನೆ ಬಿದ್ದ ಬಿಸಿಲು. ಇವರೆಲ್ಲ ನನ್ನ ಮಾತು ಕೇಳಿ ಎಡಕ್ಕೆ ತಿರುಗಿದವರು, ನನ್ನ ಮಾತು ಕೇಳಿ ಬಲಕ್ಕೆ ತಿರುಗಿದವರು, ಸಾಲಾಗಿ ಬಂದವರು. ಬೆನ್ನು ನೆಟ್ಟಗೆ ಮಾಡಿ ನಿಂತೆ. ಬಲಗಾಲು ನನ್ನ ಅಪ್ಪಣೆಯಿಲ್ಲದೆ ತಾಳ ಹಾಕತೊಡಗಿತು. ಅದರ ಮೇಲೆ ಕೈಚೀಲ ಇಟ್ಟೆ. ಕೈಚೀಲವೂ ಕುಣಿಯಿತು.

ಅಷ್ಟರಲ್ಲಿ ಗೇಟಿನ ಬಳಿ ರೈತ ಕಾಣಿಸಿದ. ಕಪ್ಪು ಸೂಟು, ಕೊರಳಿಗೆ ಟೈ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಡಬ್ಬ. ಭಾರತೀಯ ಮದುವೆಗಳು ದೊಡ್ಡದಾಗಿರುತ್ತವೆಂದು ಕೇಳಿದ್ದೆ, ಇಷ್ಟೆಂದು ತಿಳಿದಿರಲಿಲ್ಲ ಎಂದ. ಮದುಮಕ್ಕಳು ಎಲ್ಲಿ ಎಂದು ಕೇಳಿದ. ನಾನು ಸುಳ್ಳು ಹೇಳುವವಳಲ್ಲ. ಮದುಮಕ್ಕಳು ಇಲ್ಲ ಎಂದೆ. ಅವನು ಬಹಳ ಹೊತ್ತು ಯೋಚಿಸಿ, ಓಡಿಹೋದರೇ ಎಂದು ಮರುಗಿದ. ನಂತರ ಟೈ ಸಡಿಲಿಸಿ, ಹಸು ಕರೆಯುವ ಹೊತ್ತಾಗುವವರೆಗೆ ತಾನೂ ಕುಣಿದ.

ಉಡುಗೊರೆಯನ್ನು ವಾಪಸು ಒಯ್ಯಲು ಅವನು ಒಪ್ಪಲಿಲ್ಲ. ಡಬ್ಬದಲ್ಲಿದ್ದ ಟೋಸ್ಟರು ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ತಂಗಿ ಅದರಲ್ಲಿ ಹಪ್ಪಳ ಸುಡುತ್ತಾಳೆ.

೪. ಕಾನೂನು ಸಾಲಿನಲ್ಲಿ ಬಂತು

ಒಬ್ಬ ಪೊಲೀಸ್ ಅಧಿಕಾರಿ ಕಚೇರಿಗೆ ಬಂದು ಮುಂದಿನ ಕೂಟ ಎಲ್ಲಿ ಎಂದು ವಿಚಾರಿಸಿದ. ಸಂಜೆಯವರೆಗೆ ನನಗೂ ತಿಳಿಯುವುದಿಲ್ಲ, ಎಲ್ಲರಂತೆ ನೀವೂ ಆ ಸಂಖ್ಯೆಗೆ ಕರೆ ಮಾಡಬಹುದು ಎಂದೆ. ಬರೆದುಕೊಂಡು ಹೋದ.

ಮುಂದಿನ ವಾರ ನಿದ್ದೆಗೆಟ್ಟ ಕಣ್ಣುಗಳಲ್ಲಿ ಮತ್ತೆ ಬಂದ. ತಡೆಯಲು ಹೊರಟ ಅವನ ಪಡೆ ಸ್ಥಳ ಮುಟ್ಟಿದಾಗ ಬೆಳಗಾಗಿ, ಕೂಟ ಮುಗಿದು, ಹುಡುಗರು ಕಸ ಹೆಕ್ಕುತ್ತಿದ್ದರಂತೆ. ಸೈರನ್ ಹಾಕಿಕೊಂಡು ಮುಂದೆ ನುಗ್ಗಬಹುದಿತ್ತಲ್ಲವೇ ಎಂದು ಕೇಳಿದೆ. ಸಾಲಾಗಿ ಬನ್ನಿ ಎಂದು ನೀವೇ ಹೇಳಿದ್ದಿರಿ ಎಂದ. ವೃದ್ಧಾಶ್ರಮದ ಮುಂದೆ ಸದ್ದು ಮಾಡಬಾರದೆಂದೂ ಹೇಳಿದ್ದಿರಿ ಎಂದ. ಆ ಧ್ವನಿಯನ್ನು ಮೀರಲು ಗಾಡಿ ಓಡಿಸುವವನಿಗೆ ಧೈರ್ಯ ಬರಲಿಲ್ಲವಂತೆ.

ನನಗೆ ಕುತೂಹಲ ತಡೆಯಲಾಗಲಿಲ್ಲ. "ಮತ್ತೆ, ತಾಯಿಗೆ ತಿಳಿಸಿ ಹೊರಟಿರಾ?"

ಅವನು ಟೊಪ್ಪಿಗೆ ತೆಗೆದ. "ತಾಯಿ ತೀರಿಕೊಂಡಿದ್ದಾರೆ ಮೇಡಂ. ಹೆಂಡತಿಗೆ ತಿಳಿಸಿ ಹೊರಟೆ."

೫. ಧಾರವಾಡದಲ್ಲಿ ನನ್ನ ಕೀರ್ತಿ

ನಾನು ಕೂಡ ತಾಯಿಗೆ ತಿಳಿಸಿದ್ದೆ. ನಿಯಮವೆಂದರೆ ನಿಯಮ. ಧಾರವಾಡಕ್ಕೆ ದೂರವಾಣಿ ಮಾಡಿ, ನಾನು ಕರೆದರೆ ಸಾವಿರಾರು ಜನ ಒಂದು ಬಯಲಿನಲ್ಲಿ ಸೇರುತ್ತಾರೆ ಎಂದೆ.

ಅವ್ವ ರಾತ್ರಿಯೆಲ್ಲಾ ಕೂಡ್ತಾರೇನ ಎಂದು ಕೇಳಿದಳು. ಹೌದು ಎಂದೆ. ಕೈ ಮ್ಯಾಲೆತ್ತಿ ಕುಣೀತಾರೇನ ಎಂದಳು. ಹೌದು ಎಂದೆ. ಊಟ? ಯಾರಿಗೂ ಹಸಿವೇ ಇರುವುದಿಲ್ಲ, ಬರೀ ನೀರು ಎಂದೆ. ಕಣ್ಣಾಗ ನೀರು ಬರತಾವೇನ? ಕೆಲವರಿಗೆ ಬರುತ್ತದೆ, ಗುರುತು ಪರಿಚಯ ಇಲ್ಲದವರನ್ನೂ ತಬ್ಬಿಕೊಳ್ಳುತ್ತಾರೆ ಎಂದೆ. ಅವ್ವ, ಇದನ್ನು ನೋಡಲು ನಿಮ್ಮ ಅಪ್ಪ ಇರಬೇಕಿತ್ತು ಎಂದಳು.

ಮುಂದಿನ ಬೇಸಿಗೆಯಲ್ಲಿ ರಜೆಗೆಂದು ಧಾರವಾಡಕ್ಕೆ ಬಂದಿಳಿದಾಗ ಅಂಗಳದ ತುಂಬ ಹೆಂಗಸರು. ಇಂಗ್ಲೆಂಡಿನವರನ್ನೆಲ್ಲ ಜಾಗರಣೆಗೆ ಹಚ್ಚಿದ ಮಹಾತಾಯಿ ಎಂದು ಅವ್ವ ಓಣಿಯಲ್ಲೆಲ್ಲ ಸಾರಿದ್ದಳು. ಒಬ್ಬಾಕೆ ಕೂಸನ್ನು ನನ್ನ ಕಾಲ ಮೇಲೆ ಹಾಕಿ, ಆಶೀರ್ವಾದ ಮಾಡ್ರಿ, ಇದು ರಾತ್ರಿ ನಿದ್ದೀನ ಮಾಡಂಗಿಲ್ರಿ ಎಂದಳು. ತಂಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಸುಮ್ಮನಿರಕ್ಕಾ. ಅದೂ ನಿನ್ನ ಕಡೀದೇ."

೬. ಒಂದು ನಿಮಿಷ

ಈ ಕಥೆಗಳನ್ನು ಕೇಳಿದ ಮೇಲಿನ ಮನೆಯ ಹುಡುಗಿ ಸುಮ್ಮನಿರಲಿಲ್ಲ. ಆ ಸಂಗೀತದ ಅಭಿಮಾನಿಗಳ ಒಂದು ಕೂಟ ಅಂತರ್ಜಾಲದಲ್ಲಿದೆಯಂತೆ. ಅಲ್ಲಿ, ಆ ಧ್ವನಿಯ ಒಡತಿ ಪುಣೆಯಲ್ಲಿ ಜೀವಂತವಾಗಿದ್ದಾರೆ ಎಂದು ಬರೆದಳು. ಆ ವಾರವೇ ನಮ್ಮ ಮನೆಯ ಫೋನು ಗಂಟೆ ಹೊಡೆಯಿತು. ಒಂಟಿ ಓಲೆಯವನು. ಈಗ ಮೊಮ್ಮಕ್ಕಳ ಅಜ್ಜ.

ಹಳಬರೆಲ್ಲ ಈಗಲೂ ವರ್ಷಕ್ಕೊಮ್ಮೆ ಸೇರಿ ಆ ದಿನಗಳನ್ನು ನೆನೆಯುತ್ತಾರಂತೆ. ಪ್ರತಿ ಸಲವೂ ನನ್ನ ನೆನಪಿಗಾಗಿ ಸಂಗೀತ ನಿಲ್ಲಿಸಿ, ತಲೆ ತಗ್ಗಿಸಿ, ಒಂದು ನಿಮಿಷ ಮೌನ ಆಚರಿಸುತ್ತಾರಂತೆ. ಇನ್ನು ಮುಂದೆ ಏನು ಮಾಡಬೇಕು ಎಂದು ಕೇಳಿದ.

ಮೌನ ಮುಂದುವರಿಸಿ ಎಂದೆ. ಆ ಗುಂಪು ಒಂದು ನಿಮಿಷ ಸದ್ದಿಲ್ಲದೆ ಇರಬೇಕೆಂದು ನಾನು ವರ್ಷಗಟ್ಟಲೆ ಕೇಳಿಕೊಂಡಿದ್ದೆ. ಅದಕ್ಕೆ ನಾನು ಸಾಯಬೇಕಾಗುತ್ತದೆಂದು ಯಾರೂ ಹೇಳಿರಲಿಲ್ಲ.

೭. ಮೈಸೂರಿಗೆ ಕರೆ

ಹುಡುಗಿ ಒಂದು ಶನಿವಾರ ಬೆಳಿಗ್ಗೆ ಕೆಳಗೆ ಬಂದು, ಫೋನನ್ನು ನಮ್ಮ ಊಟದ ಮೇಜಿನ ನಡುವೆ ಇಟ್ಟಳು. ಸ್ಪೀಕರು ಹಾಕಿದಳು. ಧೈರ್ಯಕ್ಕಿರಲಿ ಎಂದು ತಂಗಿ ಒಂದು ತಟ್ಟೆ ಅವಲಕ್ಕಿ ಅವಳ ಮುಂದಿಟ್ಟಳು.

ಮಗಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಭಾನುವಾರದ ಕಚೇರಿ ಇಲ್ಲವೆಂದು, ಗುಡ್ಡ ಇದೆಯೆಂದು, ಸ್ಪೀಕರುಗಳೆಂದು, ಬರುವ ಜನವೆಂದು. ಮೈಸೂರಿನಿಂದ ಮೊದಲು ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು. ಆಮೇಲೆ, ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂಬ ಪ್ರಶ್ನೆ ಬಂತು. ಹುಡುಗಿ ಫೋನನ್ನು ನನ್ನ ಕಡೆಗೆ ತಿರುಗಿಸಿದಳು.

ನಾನು ನನ್ನ ಪರಿಚಯ ಹೇಳಿದೆ. ವಿಷಯವನ್ನು ಕ್ರಮವಾಗಿ ಮಂಡಿಸಿದೆ.

"ನೀವು ಟೀಚರಾ?" ಎಂದರು ಆ ತಾಯಿ.

"ಅಲ್ಲ."

"ದನಿ ಹಾಗೇ ಇದೆ. ಕೂತಿದ್ದೋಳು ಎದ್ದು ನಿಂತ್ಕೊಂಡೆ." ನಂತರ ಅವರ ದನಿ ಬದಲಾಯಿತು. "ಸರಿ. ನಾನೇ ಬಂದು ನೋಡ್ತೀನಿ. ನೋಡಿ ಮನಸ್ಸಿಗೆ ಒಪ್ಪಲಿಲ್ಲ ಅಂದ್ರೆ, ಅವತ್ತೇ ಪುಣೆ ಬಿಟ್ಟು ನನ್ನ ಜೊತೆ ಹೊರಡ್ಬೇಕು ಅವಳು. ಸುಳ್ಳು ಹೇಳ್ಕೊಂಡು ಅಲ್ಲಿರೋದು ಬೇಡ. ಒಪ್ತಾಳಾ ಕೇಳಿ."

ಹುಡುಗಿಯ ಮುಖ ಅವಲಕ್ಕಿಯಷ್ಟೇ ಬೆಳ್ಳಗಾಯಿತು. ಒಪ್ಪಿದಳು. ಫೋನು ಇಟ್ಟ ಮೇಲೆ ನನ್ನನ್ನು ನೋಡಿ, ಆ ಒಂದು ಸಾಲು ಕಟ್ ಮಾಡಿದ್ದರೆ ಏನಾಗುತ್ತಿತ್ತು ಮೇಡಂ ಎಂದಳು.

ಉತ್ತರ ಕೊಟ್ಟವಳು ತಂಗಿ. "ವಿಲಾಯ್ತಿ ಪೊಲೀಸರಿಗೇ ಬಿಟ್ಟಿಲ್ಲ ಆಕಿ, ನಿನಗ ಬಿಡ್ತಾಳೇನವಾ? ಅವಲಕ್ಕಿ ತಿನ್ನು."

೮. ಭೋರಿನ ಗುಡ್ಡ

ಸಂದೇಶವನ್ನು ನಾನು ಇಂಗ್ಲಿಷ್, ಮರಾಠಿ, ಕನ್ನಡ ಮೂರರಲ್ಲೂ ಓದಿದೆ. ಭೋರಿನಾಚೆ ಫೋನಿನ ನಕ್ಷೆಯನ್ನು ನಂಬಿದವರು ಅಣೆಕಟ್ಟಿನ ಹಿನ್ನೀರಿನ ತಪ್ಪು ದಡಕ್ಕೆ ಹೋಗಿ ನಿಲ್ಲುತ್ತಾರೆ. ಆದ್ದರಿಂದ ಎಲ್ಲರೂ ಹೊರಡುವ ಮೊದಲೇ ಹುಡುಗಿ ಕೊಟ್ಟಿದ್ದ ಒಂದು ಸಂಖ್ಯೆಗೆ ಕರೆ ಮಾಡಿ ದಾರಿ ಕೇಳಿಕೊಳ್ಳಬೇಕಿತ್ತು. ಬಸ್ಸುಗಳು ಪುಣೆಯ ಸ್ವಾರಗೇಟ ನಿಲ್ದಾಣದಿಂದ ಎಂದೆ. ಹಾರ್ನ್ ಬೇಡ ಎಂದೆ. ಕೊನೆಗೆ, ತಾಯಿಗೆ ತಿಳಿಸಿ ಹೊರಡಿ ಎಂದೆ.

ಒಂದು ವಿಷಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಂಗ್ಲೆಂಡಿನಲ್ಲಿ ತಾಯಿಗೆ ತಿಳಿಸಿದರೆ ತಾಯಿ, ಹೋಗಿ ಬಾ ಎನ್ನುತ್ತಾಳೆ. ನಮ್ಮಲ್ಲಿ ತಾಯಿಗೆ ತಿಳಿಸಿದರೆ ತಾಯಿ, ಇನ್ನೂ ಯಾರ್ಯಾರು ಬರುತ್ತಾರೆ, ಊಟಕ್ಕೇನು, ತಡೆ, ನಾನೂ ಬರುತ್ತೇನೆ ಎನ್ನುತ್ತಾಳೆ.

ಆ ಭಾನುವಾರ ಮಧ್ಯಾಹ್ನ ಮೊದಲ ಬಸ್ಸಿನ ಬಾಗಿಲು ತೆರೆಯಿತು. ಕೂದಲಿಗೆ ನೇರಳೆ ಬಣ್ಣ ಬಳಿದ, ಕಪ್ಪು ಕನ್ನಡಕದ ಯುವಕನೊಬ್ಬ ಇಳಿದ. ಅವನ ಹಿಂದೆ ಸ್ಟೀಲಿನ ಡಬ್ಬ ಹಿಡಿದ ಅವನ ತಾಯಿ. ನಂತರ ತೋಳಿನ ತುಂಬ ಹಚ್ಚೆಯ ಹುಡುಗಿ. ಅವಳ ಹಿಂದೆ ಮಡಿಚುವ ಕುರ್ಚಿ ಹೊತ್ತ ಅವಳ ತಾಯಿ, ಜೊತೆಗೆ ತಾಯಿಯ ಅಕ್ಕ. ಎರಡನೆಯ ಬಸ್ಸಿನಲ್ಲೂ ಹಾಗೆಯೇ. ಮೇಲಿನ ಮನೆಯ ಹುಡುಗಿ ನನ್ನ ತೋಳು ಹಿಡಿದುಕೊಂಡು ಕ್ಷೀಣವಾಗಿ ಕೇಳಿದಳು: "ಮೇಡಂ, ಇದು ರೇವಾ, ಪೇರೆಂಟ್ಸ್ ಮೀಟಿಂಗಾ?"

ತಾಯಂದಿರು ಸ್ಪೀಕರುಗಳ ಎದುರಿಗೇ ಜಮಖಾನ ಹಾಸಿ, ಡಬ್ಬಗಳನ್ನು ತೆರೆದು ಕುಳಿತರು. ಥಾಲಿಪೀಠ, ಚಿವಡಾ, ಶೇಂಗಾ ಹೋಳಿಗೆ. ಮಕ್ಕಳು ಬಯಲಿನ ಆ ತುದಿಯಲ್ಲಿ ಕೈಕಟ್ಟಿ, ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತರು. ಸಂಗೀತ ಶುರುವಾಯಿತು. ಗುಡ್ಡಗಳು ಧಡ್ ಧಡ್ ಎಂದವು. ಒಬ್ಬರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ತಾಯಿ ನನ್ನ ಬಳಿ ಬಂದು, ಮೈಕು ಸರಿಹೊಂದಿಸಿ ಮುಗಿಯಿತೇ, ಕಾರ್ಯಕ್ರಮ ಯಾವಾಗ ಆರಂಭ ಎಂದು ಮರಾಠಿಯಲ್ಲಿ ವಿಚಾರಿಸಿದರು.

ಮೈಸೂರಿನ ತಾಯಿ ಅಂದು ಬೆಳಿಗ್ಗೆಯೇ ಬಂದಿದ್ದರು. ನಮ್ಮ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ ಗಡಿಯಾರ ನೋಡಿಕೊಂಡರು.

"ಇಷ್ಟೇನಾ?" ಎಂದರು ಮಗಳಿಗೆ. "ಇದಕ್ಕಾ ನನಗೆ ಅಷ್ಟೊಂದು ಸುಳ್ಳು ಹೇಳಿದ್ದು? ಮನೆಗೆ ಹೋಗಿ ಬಟ್ಟೆ ಪ್ಯಾಕ್ ಮಾಡ್ಕೋ."

ಹುಡುಗಿಯ ಕಣ್ಣು ತುಂಬಿತ್ತು. ಅವಳನ್ನು ಈ ಸ್ಥಿತಿಗೆ ತಂದದ್ದು ನನ್ನ ಒಂದು ಸಾಲು.

ಆಗ ತಂಗಿಯನ್ನು ನೋಡಿದೆ. ಹೋಳಿಗೆ ತಿನ್ನುವುದನ್ನು ನಿಲ್ಲಿಸಿ, ಹಿಂದೆ ಬುನಾದಿಯ ಸದ್ದು ಕೇಳಿದಂತೆಯೇ ಕತ್ತು ವಾರೆ ಮಾಡಿ ಕಿವಿಗೊಟ್ಟಿದ್ದಳು.

"ಅಕ್ಕಾ," ಎಂದಳು, "ಇದು ಫುಗಡಿ ತಾಳ."

ಕೈ ಒರೆಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎದ್ದು ನೇರವಾಗಿ ಮೈಸೂರಿನ ತಾಯಿಯ ಮುಂದೆ ನಿಂತು, ಎರಡೂ ಕೈಗಳನ್ನು ಕತ್ತರಿಯಾಗಿ ಚಾಚಿ, "ಬರ್ರಿ" ಎಂದಳು. ಹಿರಿಯಳು ಚಾಚಿದ ಕೈ, ಒಲ್ಲೆನೆನ್ನುವ ಹಾಗಿಲ್ಲ. ಆ ತಾಯಿ ಚೀಲ ಕೆಳಗಿಟ್ಟು ಎದ್ದರು. ಪಾದಕ್ಕೆ ಪಾದ ಕೂಡಿಸಿ, ಹಿಂದಕ್ಕೆ ಬಾಗಿ, ಇಬ್ಬರೂ ತಿರುಗತೊಡಗಿದರು.

ಮೈಸೂರಿನವರಿಗೆ ಫುಗಡಿ ಬಾರದು. ಇಬ್ಬರೂ ತಪ್ಪು ತಪ್ಪಾಗಿ, ಓಲಾಡುತ್ತ ಸುತ್ತಿದರು. ಅದೇ ಒಳ್ಳೆಯದಾಯಿತು. ಪ್ರತಿ ಶ್ರಾವಣದಲ್ಲಿ ಮಂಗಳಗೌರಿಯ ಮುಂದೆ ಫುಗಡಿ ಆಡಿ ಬೆಳೆದ ಮರಾಠಿ ತಾಯಂದಿರಿಗೆ ಆ ತಪ್ಪನ್ನು ನೋಡಿ ಕೂರಲು ಸಾಧ್ಯವಾಗಲಿಲ್ಲ. ತಿದ್ದಲು ಒಬ್ಬರು ಎದ್ದರು. ಅವರು ತಿದ್ದಿದ್ದು ಸರಿಯಿಲ್ಲವೆಂದು ಇನ್ನೊಬ್ಬರು ಎದ್ದರು. ನೋಡನೋಡುತ್ತಿದ್ದಂತೆ ಜಮಖಾನಗಳು ಖಾಲಿಯಾದವು. ಬಯಲಿನ ತುಂಬ ಜೋಡಿ ಜೋಡಿಯಾಗಿ ಸೀರೆಗಳು ಗಿರಗಿರನೆ ತಿರುಗಿದವು, ಬಳೆಗಳು ಹಾರಿದವು, ಧೂಳೆದ್ದಿತು. ಮಕ್ಕಳು ಮೊದಲು ಬೆರಗಾಗಿ ಫೋನು ಹಿಡಿದರು; ಆಮೇಲೆ ಫೋನು ಜೇಬಿಗಿಳಿಸಿ ನುಗ್ಗಿ ಬಂದರು. ನೇರಳೆ ಕೂದಲಿನವನನ್ನು ಯಾರದೋ ದೊಡ್ಡಮ್ಮ ಎಳೆದುಕೊಂಡರು. ಸಂಗೀತ ನಡುವೆ ತಟಕ್ಕನೆ ತಗ್ಗಿತು, ನನ್ನ ಹಳೆಯ ಧ್ವನಿ ಗುಡ್ಡದಿಂದ ಗುಡ್ಡಕ್ಕೆ ಮಾರ್ದನಿಸಿತು, ಯಾರೂ ಹಾರ್ನ್ ಹೊಡೆಯಕೂಡದು ಎಂದಿತು. ಬಯಲೆಲ್ಲ ಒಂದಾ‌ಗಿ ಕೇಕೆ ಹಾಕಿತು. ಸಾವಿರ ಕೈಗಳು, ಮೇಲೆ ಸಂಜೆಯ ಬಿಸಿಲು. ಲ್ಯಾಂಕಾಶೈರಿನ ಆ ಬೆಳಗು ನಡುವಿನ ಇಷ್ಟು ವರ್ಷಗಳನ್ನು ದಾಟಿ ನನ್ನ ಮುಂದೆ ಬಂದು ನಿಂತಿತು.

ಸೂರ್ಯ ಮುಳುಗುವ ಹೊತ್ತಿಗೆ ಸ್ಥಳೀಯ ಪೊಲೀಸ್ ಅಧಿಕಾರಿ ಬಂದು, ಅನುಮತಿಯ ಅವಧಿ ಮುಗಿಯಿತು, ಹುಡುಗರನ್ನು ನಿಲ್ಲಿಸಲು ಹೇಳಿ ಎಂದ. ಹುಡುಗರು ಆಗಲೇ ಸುಸ್ತಾಗಿ ಬಸ್ಸಿನಲ್ಲಿ ಕುಳಿತಿದ್ದಾರೆ, ಕುಣಿಯುತ್ತಿರುವವರು ಅವರ ತಾಯಂದಿರು, ನೀವೇ ನಿಲ್ಲಿಸಿ ನೋಡಿ ಎಂದೆ. ಅವನು ಬಯಲನ್ನು ನೋಡಿದ. ಮುಂದೆ ಹೆಜ್ಜೆ ಇಡಲಿಲ್ಲ. ನನ್ನ ಬಲಗಾಲು ಮತ್ತೆ ಶುರುಮಾಡಿತ್ತು. ಈ ಸಲ ಕೈಚೀಲವನ್ನು ಅದರ ಮೇಲೆ ಇಡಲಿಲ್ಲ; ಅಧಿಕಾರಿಯ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ನಾನು ಬಯಲಿಗೆ ಇಳಿದೆ.

ಬಸ್ಸಿನ ಕಿಟಕಿಗಳಿಂದ ಮಕ್ಕಳು, ಆಯೀ, ಚಲ್ ನಾ ಎಂದು ತಾಯಂದಿರನ್ನು ಮನೆಗೆ ಕರೆಯುತ್ತಿದ್ದರು. ಮೇಲಿನ ಮನೆಯ ಹುಡುಗಿ ತಾಯಿಯ ಬಳಿ ಹೋಗಿ, ಬಟ್ಟೆ ಪ್ಯಾಕ್ ಮಾಡಬೇಕಲ್ಲ, ಬಸ್ಸು ಹೊರಡುತ್ತಿದೆ ಎಂದಳು. ತಾಯಿ ನನ್ನ ತಂಗಿಯ ಕೈ ಬಿಡಲಿಲ್ಲ. ತಿರುಗುತ್ತಲೇ ಹೇಳಿದರು: "ಪ್ಯಾಕು ಗೀಕು ಏನೂ ಬೇಡ. ನೀನು ಮನೆಗೆ ಹೋಗಿರು. ನಾನು ಆಮೇಲೆ ಬರ್ತೀನಿ."

ಹುಡುಗಿ ಪುಣೆಯಲ್ಲೇ ಉಳಿದಳು. ಮಗಳ ಜೊತೆ ಸ್ವಲ್ಪ ದಿನ ಇದ್ದು ಹೋಗುತ್ತೇನೆಂದು ತಾಯಿಯೂ ಉಳಿದರು. ದೂರವಾಣಿಯ ಸಂದೇಶವನ್ನು ತೆಗೆಯಲು ಎಲ್ಲರೂ ಮರೆತಿದ್ದೆವು. ಮುಂದಿನ ಭಾನುವಾರ ಸಂಜೆ ಹುಡುಗಿ ಗಾಬರಿಯಿಂದ ಮೆಟ್ಟಿಲಿಳಿದು ಬಂದಳು. ಅವಳ ಹಿಂದೆ ನೇರಳೆ ಕೂದಲಿನವನೂ, ಹಚ್ಚೆಯ ಹುಡುಗಿಯೂ ಇದ್ದರು. ಎಲ್ಲರ ಕೈಯಲ್ಲೂ ಫೋನು. ಯಾರ ತಾಯಿಯೂ ಫೋನು ಎತ್ತುತ್ತಿಲ್ಲ.

"ಮೇಡಂ, ಅಮ್ಮ ನಂಗೆ ಹೇಳ್ದೆ ಹೊರಟುಹೋಗಿದ್ದಾಳೆ."

ನಾನು ಅಡುಗೆಮನೆಯ ಕಡೆ ತಿರುಗಿ ತಂಗಿಯನ್ನು ಕೂಗಿದೆ. ಟೋಸ್ಟರಿನ ಮೇಲೆ ಅರ್ಧ ಸುಟ್ಟ ಹಪ್ಪಳವಿತ್ತು, ತಂಗಿ ಇರಲಿಲ್ಲ. ಆ ಸಂಖ್ಯೆಗೆ ಕರೆ ಮಾಡಿ, ನನ್ನ ಧ್ವನಿ ಹೇಳಿದ ದಾರಿಯನ್ನು ಕೇಳಿಕೊಂಡು, ಸ್ವಾರಗೇಟದ ಬಸ್ಸು ಹಿಡಿದು, ಅವಳೂ ಆ ತಾಯಂದಿರೆಲ್ಲರೂ ಸಾಲಾಗಿ ಭೋರಿನ ಗುಡ್ಡಕ್ಕೆ ಹೋಗಿದ್ದರು.

ನಾನು ಬರೆದದ್ದನ್ನು ತಿದ್ದುವವಳಲ್ಲ. ಇಂಗ್ಲೆಂಡಿನಿಂದ ಇಲ್ಲಿಯವರೆಗೆ ಆ ಸಂದೇಶದ ಕೊನೆಯ ಸಾಲು ಒಮ್ಮೆಯೂ ಬದಲಾಗಿರಲಿಲ್ಲ. ಆ ಸಂಜೆ ಮಕ್ಕಳನ್ನೆಲ್ಲ ಕೂರಿಸಿ, ನೀರು ಕೊಟ್ಟು, ಅವರೆದುರೇ ಹೊಸದಾಗಿ ಓದಿ ಮುದ್ರಿಸಿದೆ. ಈಗ ಆ ಸಂಖ್ಯೆಗೆ ಕರೆ ಮಾಡಿದರೆ ಕೊನೆಯಲ್ಲಿ ಹೀಗೆ ಕೇಳಿಸುತ್ತದೆ:

"ಮಕ್ಕಳಿಗೆ ತಿಳಿಸಿ ಹೊರಡಿ."